ಕಾಡನ್ನು ಕಲಿತ ಆಂಡರ್ಸನ್

ಬೆಂಗಳೂರಿನ ಪೂರ್ವಭಾಗವನ್ನು ಹಿಂದಿನವರು ದಂಡು ಎಂದು ಕರೆಯುತ್ತಿದ್ದರು. 1809ರಲ್ಲಿ ಬ್ರಿಟಿಷರು ಹಲಸೂರು ಕೆರೆಯ ಆಸುಪಾಸಿನಲ್ಲಿ ತಮ್ಮ ಸೈನ್ಯದ ಬೀಡನ್ನು ನೆಲೆಗೊಳಿಸಿದಂದಿನಿಂದ ಬಂದ ಹೆಸರದು. ಅಲ್ಲಿಯ ರೈಲು ನಿಲ್ದಾಣವನ್ನು ಜನ ಇಂದಿಗೂ ದಂಡು ನಿಲ್ದಾಣವೆಂದೇ ಗುರುತಿಸುತ್ತಾರೆ. ಮೈಸೂರು ಅರಸರ ಆಡಳಿತಕ್ಕೆ ಸೇರಿದ ಹಳೆಯ ಪೇಟೆ ಒಂದು ಕಡೆ, ಬ್ರಿಟಿಷರ ನೇರ ಆಳ್ವಿಕೆಯ ದಂಡು ಇನ್ನೊಂದು ಕಡೆ; ಎರಡರ ನಡುವೆ ಕಬ್ಬನ್ ಉದ್ಯಾನದ ಹಸುರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಎರಡೂ ಊರುಗಳ ಜನಸಂಖ್ಯೆ ಸೇರಿದರೂ ಎರಡು ಲಕ್ಷವಾಗುತ್ತಿರಲಿಲ್ಲ.

ಆ ಕಾಲದ ದಂಡಿನಲ್ಲಿ ಮನೆಗಳಿಗಿಂತ ಬಯಲೇ ಹೆಚ್ಚು. ಇಂದು ಶಿವಾಜಿನಗರವೆನಿಸಿರುವ ಬ್ಲಾಕ್‌ಪಳ್ಳಿಯ ಕಿಕ್ಕಿರಿದ ಬೀದಿಗಳನ್ನು ದಾಟಿದರೆ ವಿಶಾಲವಾದ ಹಿತ್ತಿಲುಗಳುಳ್ಳ ಬಂಗಲೆಗಳು, ಅವುಗಳಾಚೆಗೆ ಕೆರೆಗಳು. ಹಲಸೂರು ಕೆರೆಯಲ್ಲದೆ ಸಂಪಂಗಿ ಕೆರೆ, ಶೂಲೆ ಕೆರೆ, ಮಿಲ್ಲರ್ ಕೆರೆಗಳೂ ಆಗ ನೀರು ತುಂಬಿಕೊಂಡಿದ್ದವು. ಸಂಪಂಗಿ ಕೆರೆಯ ಅಂಗಳದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ. ಶೂಲೆ ಕೆರೆಯಿದ್ದಲ್ಲಿ ಕಾಲ್ಚೆಂಡಿನ ಆಟ ನಡೆಯುತ್ತದೆ. ಹಲಸೂರನ್ನು ಬಿಟ್ಟು ಪೂರ್ವಕ್ಕೆ ಹೊರಟವನಿಗೆ ಇಂದಿರಾನಗರವೆಂಬ ಬಡಾವಣೆ ಕಾಣುತ್ತಿರಲಿಲ್ಲ. ಹೊಲ, ತೋಪು, ಕುರುಚಲು ಕಾಡುಗಳನ್ನು ಹಾದು ಅವನು ಕೃಷ್ಣರಾಜಪುರವನ್ನು ಸೇರುತ್ತಿದ್ದನು. ಪಟ್ಟಣದ ಹುಡುಗನೊಬ್ಬನು ಮನೆಯ ಬಾಗಿಲಿನಿಂದ ನಡೆದೇ ಹೋಗಿ ನೀರುಹಕ್ಕಿಗಳನ್ನು ನೋಡಿ ಊಟದ ಹೊತ್ತಿಗೆ ಹಿಂದಿರುಗಬಹುದಾಗಿದ್ದ ಕಾಲವದು. ಅಂತಹ ಊರಿನಲ್ಲಿ ಓದಿ ಬೆಳೆದ ಹುಡುಗನೇ ಮುಂದೆ ದಕ್ಷಿಣ ಭಾರತದ ಕಾಡುಗಳ ಕಥೆಗಾರನೆಂದು ಹೆಸರಾದ ಕೆನೆತ್ ಆಂಡರ್ಸನ್.

ಆಂಡರ್ಸನ್ನರು 1910ರ ಮಾರ್ಚ್ 8ರಂದು ಸಿಕಂದರಾಬಾದಿನ ಬಳಿಯ ಬೊಲಾರಂ ಎಂಬಲ್ಲಿ ಜನಿಸಿದರು. ಅದೂ ಒಂದು ದಂಡಿನ ಊರೇ. ಅವರದು ಸ್ಕಾಟ್ಲೆಂಡ್ ಮೂಲದ ಕುಟುಂಬವಾದರೂ ಆರು ತಲೆಮಾರುಗಳಿಂದ ಭಾರತದಲ್ಲಿಯೇ ನೆಲೆಸಿತ್ತು. ತಂದೆ ಡಗ್ಲಸ್ ಸ್ಟುವರ್ಟ್ ಆಂಡರ್ಸನ್ನರು ಸೈನಿಕರ ಸಂಬಳ ಸಾರಿಗೆಗಳ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಇಲಾಖೆಯಲ್ಲಿ ಅಧಿಕಾರಿಯಾಗಿದ್ದು, ಕ್ಯಾಪ್ಟನ್ ಎಂಬ ಗೌರವ ಪದವಿಯನ್ನು ಪಡೆದಿದ್ದರು. ಮಗನು ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಓದಿ, ಅನಂತರ ಸೇಂಟ್ ಜೋಸೆಫ್ ಕಾಲೇಜನ್ನು ಸೇರಿದನು.

ಲೆಕ್ಕದ ಪುಸ್ತಕಗಳ ನಡುವೆ ದಿನ ಕಳೆಯುತ್ತಿದ್ದ ಆ ತಂದೆಗೆ ಬಯಲಿನ ಬದುಕಿನಲ್ಲಿಯೂ ಬೇಟೆಯಲ್ಲಿಯೂ ಬಹಳ ಆಸಕ್ತಿಯಿತ್ತು. ಮಗನಿಗೆ ಹೊಲಗದ್ದೆಗಳ, ಕಾಡಿನ ಹುಚ್ಚು ಹಿಡಿದುದು ತಂದೆಯಿಂದಲೇ. ಆ ಕಾಲದ ದಂಡಿನ ಹುಡುಗರಿಗೆ ಪ್ರಕೃತಿಯ ಬಾಗಿಲು ತೆರೆಯುತ್ತಿದ್ದುದು ಸಾಮಾನ್ಯವಾಗಿ ಕೋವಿಯ ಮೂಲಕ. ಇಂದಿನ ವಿದ್ಯಾರ್ಥಿಗಳಿಗೆ ಈ ಮಾತು ವಿಚಿತ್ರವಾಗಿ ತೋರಬಹುದು; ಪ್ರಾಣಿಯನ್ನು ಕೊಲ್ಲುವುದರಿಂದ ಪ್ರಾಣಿಯ ಮೇಲೆ ಪ್ರೀತಿ ಹುಟ್ಟುವುದೆಂತು? ಆದರೆ ಬೇಟೆಗೆ ಹೋದವನು ಮೊದಲು ಕಲಿಯಬೇಕಾದುದು ಗುರಿಯನ್ನಲ್ಲ, ಸಹನೆಯನ್ನು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಕೆಸರಿನಲ್ಲಿ ಮೂಡಿದ ಹೆಜ್ಜೆ ಇಂದಿನದೋ ನಿನ್ನೆಯದೋ, ಹಕ್ಕಿ ಇದ್ದಕ್ಕಿದ್ದಂತೆ ಸದ್ದು ನಿಲ್ಲಿಸಿತೇಕೆ ಎಂಬುದನ್ನೆಲ್ಲ ಅವನು ಗಮನಿಸಲೇಬೇಕು. ಹೀಗೆ ಗಮನಿಸುವ ಅಭ್ಯಾಸವಾದವರಲ್ಲಿ ಬಹುಮಂದಿ ಬೇಟೆಗಾರರಾಗಿಯೇ ಉಳಿದರು. ಕೆಲವೇ ಕೆಲವರು ಕೋವಿಯನ್ನು ಬದಿಗಿಟ್ಟು ಗಮನಿಸುವುದನ್ನು ಮಾತ್ರ ಮುಂದುವರಿಸಿದರು.

ಅಂತಹ ಕೆಲವರಲ್ಲಿ ಜಿಮ್ ಕಾರ್ಬೆಟ್ಟರ ಹೆಸರು ಲೋಕಪ್ರಸಿದ್ಧವಾದುದು. 1875ರಲ್ಲಿ ನೈನಿತಾಲಿನಲ್ಲಿ ಹುಟ್ಟಿದ ಅವರು ಕಾಲಾಢುಂಗಿಯ ಕಾಡಿನಂಚಿನಲ್ಲಿ ಬಾಲ್ಯವನ್ನು ಕಳೆದು, ಹಕ್ಕಿಗಳ ಕೂಗನ್ನು ಅನುಕರಿಸುತ್ತ, ಜಾಡುಗಳನ್ನು ಓದುತ್ತ ಬೆಳೆದರು. ತಮ್ಮ ಬಾಲ್ಯದ ಆ ಪಾಠಗಳನ್ನು ಕುರಿತು ವೃದ್ಧಾಪ್ಯದಲ್ಲಿ ಅವರು ಒಂದು ಗ್ರಂಥವನ್ನೇ ಬರೆದರು. ಆದರೆ 1947ರಲ್ಲಿ ಅವರು ಭಾರತವನ್ನು ಬಿಟ್ಟು ಕೀನ್ಯಾ ದೇಶಕ್ಕೆ ಹೋಗಿ ನೆಲೆಸಿದರು. ದಂಡಿನ ಎಷ್ಟೋ ಆಂಗ್ಲ ಕುಟುಂಬಗಳೂ ಆ ವರ್ಷಗಳಲ್ಲಿ ಇಂಗ್ಲೆಂಡಿಗೋ ಆಸ್ಟ್ರೇಲಿಯಕ್ಕೋ ಹಡಗು ಹತ್ತಿದವು. ಆಂಡರ್ಸನ್ನರು ಹೋಗಲಿಲ್ಲ.

ಹೋಗದಿರುವ ನಿರ್ಧಾರವನ್ನು ಅವರು ತಾರುಣ್ಯದಲ್ಲಿಯೇ ಒಮ್ಮೆ ಮಾಡಿಯಾಗಿತ್ತು. ಕಾನೂನು ಶಿಕ್ಷಣಕ್ಕಾಗಿ ಅವರನ್ನು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಕಳುಹಿಸಲಾಗಿತ್ತು. ಅದು ಅವರ ಪೂರ್ವಜರ ನಾಡು. ಅಲ್ಲಿ ಓದು ಮುಗಿಸಿದ್ದರೆ ವಕೀಲರಾಗಿ ಸುಖವಾಗಿ ಬಾಳಬಹುದಾಗಿತ್ತು. ಆದರೆ ಅವರು ಓದನ್ನು ಅರ್ಧಕ್ಕೇ ನಿಲ್ಲಿಸಿ ಭಾರತಕ್ಕೆ ಮರಳಿದರು. ಪದವಿಯಿಲ್ಲದೆ ಹಿಂದಿರುಗಿದ ಮಗನನ್ನು ಕಂಡು ಯಾವ ಮನೆಯವರಿಗೆ ತಾನೆ ಸಂತೋಷವಾದೀತು! ಆದರೂ ಹುಟ್ಟಿದ ನೆಲದ ಬಿಸಿಲು, ಬಿದಿರು, ಹೊಳೆಗಳನ್ನು ಬಿಟ್ಟಿರುವುದು ಅವರಿಗೆ ಸಾಧ್ಯವಾಗಲಿಲ್ಲ ಎಂಬುದನ್ನು ಅವರ ಮುಂದಿನ ಬಾಳೇ ತೋರಿಸುತ್ತದೆ.

ಜೀವನೋಪಾಯಕ್ಕಾಗಿ ಅವರು ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ದುಡಿದರು. ಅನಂತರ ಹಲಸೂರಿನಾಚೆ ಸ್ಥಾಪಿತವಾಗಿದ್ದ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ಅಧಿಕಾರಿಯಾದರು. 1940ರ ಡಿಸೆಂಬರಿನಲ್ಲಿ ಹುಟ್ಟಿದ ಈ ಕಾರ್ಖಾನೆಯೇ ಇಂದಿನ ಎಚ್.ಎ.ಎಲ್. ಲೋಹದ ಹಕ್ಕಿಗಳನ್ನು ಕಟ್ಟುವ ಕಾರ್ಖಾನೆಯಲ್ಲಿ ಲೆಕ್ಕಾಚಾರದ ಕೆಲಸ ಮಾಡುತ್ತಿದ್ದ ಈ ಅಧಿಕಾರಿ, ಬಿಡುವು ದೊರೆತೊಡನೆ ತಮ್ಮ ಸ್ಟುಡಿಬೇಕರ್ ಕಾರನ್ನು ಹತ್ತಿ ಕಾಡಿನ ಕಡೆಗೆ ಹೊರಟುಬಿಡುತ್ತಿದ್ದರು.

ಬೆಂಗಳೂರಿನ ದಕ್ಷಿಣಕ್ಕೆ ಆನೇಕಲ್ಲನ್ನು ದಾಟಿದರೆ ಜವಳಗಿರಿಯ ಕಾಡು ತೊಡಗುತ್ತದೆ. ಅಲ್ಲಿಂದ ದೇಂಕಣಿಕೋಟೆ, ಅಂಚೆಟ್ಟಿ, ಪೆನ್ನಾಗರಗಳ ಮೂಲಕ ಕಾವೇರಿಯವರೆಗೂ ಗುಡ್ಡಗಾಡು ಹಬ್ಬಿದೆ. ಆಗ ಅದೆಲ್ಲ ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿತ್ತು. ಇಂದು ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿದೆ. ಗಡಿನಾಡಾದ ಅಲ್ಲಿ ಕನ್ನಡವೂ ತಮಿಳೂ ಕಿವಿಗೆ ಬೀಳುತ್ತವೆ. ಆಂಡರ್ಸನ್ನರಿಗೆ ಎರಡು ನುಡಿಗಳೂ ಬರುತ್ತಿದ್ದವು. ಇದು ಸಣ್ಣ ಸಂಗತಿಯಲ್ಲ. ಭಾಷೆ ಬಾರದ ದೊರೆಗೆ ಕಾಡಿನವರು ಸಲಾಮು ಮಾಡಿಯಾರೇ ಹೊರತು, ತಮಗೆ ತಿಳಿದುದನ್ನು ಹೇಳಿಕೊಡಲಾರರು.

ಅವರಿಗೆ ಹಾಗೆ ಹೇಳಿಕೊಟ್ಟವರಲ್ಲಿ ಇಬ್ಬರು ಮುಖ್ಯರು. ಒಬ್ಬನು ಚಿನ್ನಾರ್ ಹೊಳೆಯ ದಡದ ಕಾಡಿನಲ್ಲಿ ಬಾಳುತ್ತಿದ್ದ ಪೂಜಾರಿ ಬುಡಕಟ್ಟಿನ ಬೈರ. ಮತ್ತೊಬ್ಬನು ಪೆನ್ನಾಗರದ ಕಡೆಯ ರಂಗ. ಇಬ್ಬರೂ ಸರ್ಕಾರದ ಕಣ್ಣಿನಲ್ಲಿ ಕಳ್ಳಬೇಟೆಯವರು. ಮೈಮೇಲೆ ತುಂಡು ಬಟ್ಟೆಯ ಹೊರತು ಬೇರೇನೂ ಇಲ್ಲದ ಬೈರನು ಕಾಡಿನಲ್ಲಿಯೇ ಹುಟ್ಟಿ, ನಡೆಯಲು ಕಲಿತಂದಿನಿಂದ ಅದರ ನಡುವೆಯೇ ಬೆಳೆದವನು. ಒಂದು ಮುರಿದ ಕಡ್ಡಿ, ಒಂದು ಮಗುಚಿದ ಎಲೆ ಅವನಿಗೆ ಇಡೀ ಕಥೆಯನ್ನು ಹೇಳುತ್ತಿದ್ದವು. ಶಾಲೆ ಕಾಲೇಜುಗಳಲ್ಲಿ ಓದಿದ ಆಂಡರ್ಸನ್ನರು ಅಕ್ಷರವರಿಯದ ಈ ಮನುಷ್ಯನನ್ನು ತಮ್ಮ ಗುರುವೆಂದು ಭಾವಿಸಿದರು. ತಮ್ಮ ಮೊದಲ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಅವನಿಗಾಗಿ ಮೀಸಲಿಟ್ಟರು. ತಂದೆಯಿಂದ ಬಾಲ್ಯದಲ್ಲಿ ಬಂದ ಆಸಕ್ತಿ ಕಲಿಕೆಯಾಗಿ ಮಾಗಿದುದು ಇಂತಹವರ ಸಹವಾಸದಲ್ಲಿ.

ಆ ಕಲಿಕೆ ಎಷ್ಟು ಆಳವಾಗಿತ್ತೆಂಬುದಕ್ಕೆ ಜವಳಗಿರಿಯ ಹೆಣ್ಣುಹುಲಿಯ ಪ್ರಸಂಗವೊಂದೇ ಸಾಕು. ಮನುಷ್ಯರನ್ನು ಹಿಡಿಯತೊಡಗಿದ್ದ ಆ ಹುಲಿ ಎಂತಹ ಉಪಾಯಕ್ಕೂ ಸಿಕ್ಕದೆ ಸುತ್ತಲಿನ ಹಳ್ಳಿಗಳನ್ನು ಕಂಗೆಡಿಸಿತ್ತು. ಅದು ಹುಲಿಗಳು ಜೊತೆಗೂಡುವ ಕಾಲ. ಒಂಟಿಯಾಗಿ ಕೂಗುತ್ತ ಅಲೆಯುತ್ತಿದ್ದ ಅದರ ದನಿಯನ್ನು ಕೇಳಿದ ಆಂಡರ್ಸನ್ನರು, ಗಂಡುಹುಲಿಯ ಕೂಗನ್ನು ತಾವೇ ಅನುಕರಿಸಿ ಅದಕ್ಕೆ ಓಗೊಟ್ಟರು. ಸಂಗಾತಿಯೇ ಕರೆಯಿತೆಂದು ನಂಬಿದ ಹೆಣ್ಣುಹುಲಿ ಸಂಜೆಯ ಮಬ್ಬಿನಲ್ಲಿ ಅವರ ಎದುರಿಗೆ ಬಂದು ಗುಂಡಿಗೆ ಬಲಿಯಾಯಿತು. ಹಳ್ಳಿಗರು ಸಂತೋಷಪಟ್ಟರು. ಆಂಡರ್ಸನ್ನರಿಗಾದರೋ ಆ ಗೆಲುವು ಅಷ್ಟಾಗಿ ರುಚಿಸಲಿಲ್ಲ. ಒಲವಿನ ಕರೆಗೆ ಓಡಿಬಂದ ಜೀವವನ್ನು ವಂಚಿಸಿ ಕೊಂದೆನೆಂಬ ಅಳುಕು ಆ ಕಥೆಯ ಕೊನೆಯಲ್ಲಿ ಉಳಿದುಬಿಟ್ಟಿದೆ.

ಗುಮ್ಮಳಾಪುರದ ಚಿರತೆಯ ಕಥೆ ಇನ್ನೂ ಭೀಕರವಾದುದು. ಅದೇ ಗಡಿಭಾಗದ ಗುಮ್ಮಳಾಪುರ ಮತ್ತು ನೆರೆಯ ಹಳ್ಳಿಗಳಲ್ಲಿ ಆ ಚಿರತೆ 42 ಮಂದಿಯನ್ನು ಕೊಂದಿತ್ತು. ಹೊತ್ತು ಮುಳುಗುವ ಮೊದಲೇ ಜನ ಬಾಗಿಲು ಮುಚ್ಚಿಕೊಂಡು, ಗುಡಿಸಲುಗಳ ಸುತ್ತ ಮುಳ್ಳು ಹೊದಿಸಿ, ಬೆಳಗಾಗುವವರೆಗೂ ಹೊರಕ್ಕೆ ಕಾಲಿಡುತ್ತಿರಲಿಲ್ಲ. ಆಂಡರ್ಸನ್ನರು ಅಲ್ಲಿ ರಾತ್ರಿಗಳನ್ನು ಕಾದು ಕಳೆದರು. ಹಾಗೆ ಒಂದು ರಾತ್ರಿ ಬರಿದಾದ ಗುಡಿಸಲಿನಲ್ಲಿ ಅವರು ಒಬ್ಬರೇ ಕುಳಿತಿದ್ದಾಗ, ಊರಿನ ಬಡಕಲು ನಾಯಿಮರಿಯೊಂದು ಒಳಕ್ಕೆ ನುಸುಳಿ ಅವರ ಬಳಿ ಮುದುರಿಕೊಂಡಿತು. ಕತ್ತಲಲ್ಲಿ ಅವರ ಕಣ್ಣಿಗೆ ಏನೂ ಕಾಣದು, ಕಿವಿಗೆ ಏನೂ ಕೇಳದು. ಆದರೆ ನಾಯಿಗೆ ತಿಳಿಯಿತು. ಅದು ಮೈ ಸೆಟೆಸಿ ಗುರುಗುಟ್ಟಿತು. ಆ ಎಚ್ಚರಿಕೆ ದೊರೆಯದಿದ್ದರೆ ಮರುದಿನ ಸತ್ತವರ ಲೆಕ್ಕಕ್ಕೆ ಇನ್ನೊಂದು ಸೇರುತ್ತಿತ್ತು. ಚಿರತೆಯನ್ನು ಕೊಂದ ಅನಂತರ ಅವರು ಆ ನಾಯಿಯನ್ನು ಬೆಂಗಳೂರಿಗೆ ಕರೆತಂದು, ನಿಪ್ಪರ್ ಎಂದು ಹೆಸರಿಟ್ಟು ಸಾಕಿಕೊಂಡರು.

ಸತ್ತ ಚಿರತೆಯನ್ನು ದೀಪದ ಬೆಳಕಿನಲ್ಲಿ ಪರೀಕ್ಷಿಸಿದಾಗ ಅದರ ಕಾಲ್ಬೆರಳುಗಳ ನಡುವೆ ಮುಳ್ಳುಹಂದಿಯ ಮುಳ್ಳುಗಳು ಮುರಿದು ಹೂತುಹೋಗಿರುವುದು ಕಂಡುಬಂದಿತು. ಕಾಲು ಊನವಾದ ಪ್ರಾಣಿ ಜಿಂಕೆಯನ್ನು ಅಟ್ಟಿ ಹಿಡಿಯಲಾರದು; ಮನುಷ್ಯನಾದರೋ ಓಡಲಾರದ, ಕೊಂಬಿಲ್ಲದ, ಸುಲಭವಾದ ಬೇಟೆ. ಹುಲಿ ಚಿರತೆಗಳು ಹುಟ್ಟಿನಿಂದ ಮನುಷ್ಯದ್ವೇಷಿಗಳಲ್ಲವೆಂಬುದನ್ನು ಆಂಡರ್ಸನ್ನರು ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ತೋರಿಸಿಕೊಟ್ಟರು. ಗಾಯ, ಮುಪ್ಪು, ಹಸಿವುಗಳು ಅವನ್ನು ಆ ದಾರಿಗೆ ತಳ್ಳುತ್ತವೆ. ಎಷ್ಟೋ ವೇಳೆ ಆ ಗಾಯ ಯಾರೋ ಅರೆಬರೆ ಬೇಟೆಗಾರನ ಗುಂಡಿನಿಂದಲೇ ಆಗಿರುತ್ತದೆ. ಸರ್ಕಾರದ ದಾಖಲೆಗಳ ಪ್ರಕಾರ 1939ರಿಂದ 1966ರವರೆಗೆ ಅವರು ಕೊಂದ ನರಭಕ್ಷಕಗಳು 8 ಚಿರತೆಗಳು ಮತ್ತು 7 ಹುಲಿಗಳು. ಇದಕ್ಕಿಂತ ಹೆಚ್ಚೆಂದು ಹೇಳುವ ಕಥೆಗಳೂ ಉಂಟು. ಬೇಟೆಯ ಕಥೆಗಳು ಬಾಯಿಂದ ಬಾಯಿಗೆ ಬೆಳೆಯುವುದು ಹೊಸದಲ್ಲ.

ಪ್ರಾಣಿಗಳೊಡನೆ ಅವರ ಮನೆಯವರಿಗಿದ್ದ ಸಂಬಂಧವನ್ನು ತಿಳಿಯಬೇಕಾದರೆ ಬ್ರೂನೋ ಎಂಬ ಕರಡಿಯನ್ನು ನೆನೆಯಬೇಕು. ಮೈಸೂರಿನ ಬಳಿಯ ಕಬ್ಬಿನ ಗದ್ದೆಯಲ್ಲಿ ತಾಯಿಕರಡಿ ಗುಂಡಿಗೆ ಬಲಿಯಾದಾಗ, ಅದರ ಬೆನ್ನನ್ನು ಬಿಡದೆ ಅಳುತ್ತಿದ್ದ ಮರಿಯನ್ನು ತಂದು ಆಂಡರ್ಸನ್ನರು ತಮ್ಮ ಪತ್ನಿಗೆ ಕೊಟ್ಟರು. ಅದು ಮನೆಯ ಮಗುವಿನಂತೆ ಬೆಳೆಯಿತು. ಒಮ್ಮೆ ಇಲಿಗಳಿಗಾಗಿ ಇಟ್ಟಿದ್ದ ವಿಷವನ್ನು ತಿಂದು ಕಾಲು ಬಿದ್ದುಹೋಗಿ ವೈದ್ಯರ ಚುಚ್ಚುಮದ್ದಿನಿಂದ ಬದುಕಿಕೊಂಡಿತು. ಇನ್ನೊಮ್ಮೆ ಕಾರಿನ ಹಳೆಯ ಎಣ್ಣೆಯನ್ನು ಗಟಗಟನೆ ಕುಡಿದು ಏನೂ ಆಗದವರಂತೆ ಓಡಾಡಿಕೊಂಡಿತ್ತು! ಬೆಳೆದು ದೊಡ್ಡದಾದಾಗ ಅದನ್ನು ಮನೆಯಲ್ಲಿಡುವುದು ಕ್ಷೇಮವಲ್ಲವೆಂದು ಮೈಸೂರಿನ ಮೃಗಾಲಯಕ್ಕೆ ಕಳುಹಿಸಿದರು. ಕರಡಿ ಅಲ್ಲಿ ಆಹಾರ ಬಿಟ್ಟು ಕೊರಗಿತು. ಇಲ್ಲಿ ಆಕೆಯೂ ಕೊರಗಿದರು. ಮೂರು ತಿಂಗಳ ಮೇಲೆ ಆಕೆ ನೋಡಲು ಹೋದಾಗ ಕರಡಿ ದೂರದಿಂದಲೇ ಗುರುತು ಹಿಡಿದು ಹಿಗ್ಗಿ ಕುಣಿಯಿತು. ಕೊನೆಗೆ ಅಧಿಕಾರಿಗಳ ಒಪ್ಪಿಗೆ ಪಡೆದು ಅದನ್ನು ಬೆಂಗಳೂರಿಗೆ ಹಿಂದಕ್ಕೆ ತಂದರು. ಅದಕ್ಕಾಗಿ ಹಿತ್ತಿಲಿನಲ್ಲಿ ಸುತ್ತ ನೀರಿನ ಕಂದಕವುಳ್ಳ ಒಂದು ಪುಟ್ಟ ದ್ವೀಪವನ್ನೇ ನಿರ್ಮಿಸಿದರು. ಈ ಕಥೆ ಕೇಂದ್ರ ಪಠ್ಯಕ್ರಮದ ಒಂಬತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿಯೂ ಪಾಠವಾಗಿ ಬಂದಿತ್ತು.

ವಯಸ್ಸು ಮಾಗಿದಂತೆ ಆಂಡರ್ಸನ್ನರು ಕಾಡಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಹೋಗುವ ರೀತಿ ಬದಲಾಯಿತು. .405 ವಿಂಚೆಸ್ಟರ್ ಕೋವಿಯ ಸ್ಥಾನಕ್ಕೆ ಛಾಯಾಚಿತ್ರದ ಕ್ಯಾಮೆರಾ ಬಂದಿತು. ಎಷ್ಟೋ ವೇಳೆ ಅವರು ಯಾವ ಆಯುಧವೂ ಇಲ್ಲದೆ ಒಬ್ಬರೇ ಕಾಡನ್ನು ಹೊಕ್ಕು, ಮರದ ಬುಡದಲ್ಲಿ ಸುಮ್ಮನೆ ಕುಳಿತು, ಕಡವೆಯ ಕೂಗನ್ನೂ ಮುಸುವದ ಎಚ್ಚರಿಕೆಯನ್ನೂ ಆಲಿಸುತ್ತ ಹೊತ್ತು ಕಳೆಯುತ್ತಿದ್ದರು. ತಾವು ತಾರುಣ್ಯದಲ್ಲಿ ಕಂಡ ಕಾಡು ತಮ್ಮ ಕಣ್ಣೆದುರಿಗೇ ಬರಿದಾಗುತ್ತಿರುವುದು ಅವರನ್ನು ಬಹಳವಾಗಿ ನೋಯಿಸಿತು. ಜೀಪಿನ ದೀಪದ ಬೆಳಕಿನಲ್ಲಿ ಕಣ್ಣು ಕೋರೈಸಿ ಜಿಂಕೆಗಳನ್ನು ಕೊಲ್ಲುವವರನ್ನು ಅವರು ಕಟುವಾಗಿ ಖಂಡಿಸಿ ಬರೆದರು. ದಕ್ಷಿಣ ಭಾರತದಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ ಮೊದಲು ದನಿಯೆತ್ತಿದವರಲ್ಲಿ ಅವರೂ ಒಬ್ಬರು. 1972ರಲ್ಲಿ ನಡೆದ ಗಣತಿಯಲ್ಲಿ ದೇಶದಲ್ಲಿ ಉಳಿದಿದ್ದ ಹುಲಿಗಳ ಸಂಖ್ಯೆ 1827 ಮಾತ್ರವೆಂದು ತಿಳಿದುಬಂದಿತು. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದಿತು. ಮರುವರ್ಷ ಹುಲಿ ಯೋಜನೆ ಪ್ರಾರಂಭವಾಗಿ, ಮೊದಲ ಒಂಬತ್ತು ಅಭಯಾರಣ್ಯಗಳಲ್ಲಿ ನಮ್ಮ ಬಂಡೀಪುರವೂ ಸೇರಿತು.

ಅವರ ಮೊದಲ ಪುಸ್ತಕ 1954ರಲ್ಲಿ ಪ್ರಕಟವಾಯಿತು. ಒಂಬತ್ತು ನರಭಕ್ಷಕಗಳು ಮತ್ತು ಒಂದು ಪುಂಡಾನೆ ಎಂದು ಆ ಇಂಗ್ಲಿಷ್ ಹೆಸರಿನ ಅರ್ಥ. ಅದರ ಬೆನ್ನಿಗೆ ಮತ್ತೆ ಹಲವು ಪುಸ್ತಕಗಳು ಬಂದವು. ಅವುಗಳಲ್ಲಿ ಹುಲಿ ಚಿರತೆಗಳು ಮಾತ್ರವಲ್ಲ, ಸೀಳುನಾಯಿ, ಕತ್ತೆಕಿರುಬ, ಹಾವು, ಕರಡಿಗಳೂ ಉಂಟು. ಗಾಡಿ ಹೊಡೆಯುವವರು, ಫಾರೆಸ್ಟ್ ಗಾರ್ಡುಗಳು, ದನಗಾಹಿಗಳು, ಕಾಡಿನ ಬುಡಕಟ್ಟಿನವರೂ ಉಂಟು. ಕನ್ನಡದ ಓದುಗರಿಗೆ ಈ ಕಥೆಗಳು ಹತ್ತಿರವಾದುದು ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರಿಂದ. ಮಲೆನಾಡಿನ ಕಾಡಿನ ನಡುವೆ ಬಾಳಿದ ತೇಜಸ್ವಿಯವರು ಆಂಡರ್ಸನ್ನರ ಕಥೆಗಳನ್ನು ಭಾವಾನುವಾದ ಮಾಡಿ, ‘ಕಾಡಿನ ಕಥೆಗಳು’ ಎಂಬ ಹೆಸರಿನಲ್ಲಿ ನಾಲ್ಕು ಭಾಗಗಳಾಗಿ ಹೊರತಂದರು. ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂಬ ಅವುಗಳ ಹೆಸರುಗಳನ್ನು ಕೇಳಿದರೇ ಸಾಕು, ಬೆಂಗಳೂರಿನ ಆಸುಪಾಸಿನಲ್ಲಿ ಒಂದು ಕಾಲಕ್ಕೆ ಯಾರು ಯಾರು ವಾಸವಾಗಿದ್ದರೆಂಬುದು ತಿಳಿಯುತ್ತದೆ. ಇಂದು ಕಾರ್ಖಾನೆಗಳಿಂದಲೂ ಮನೆಗಳಿಂದಲೂ ತುಂಬಿರುವ ಜಾಲಹಳ್ಳಿಗೆ ಅಂದು ಚಿರತೆ ಬಂದಿತ್ತು.

ಆಂಡರ್ಸನ್ನರಿಗೆ ಮಗಳು ಜೂನ್ ಮತ್ತು ಮಗ ಡೊನಾಲ್ಡ್ ಎಂಬ ಇಬ್ಬರು ಮಕ್ಕಳು. ಡೊನಾಲ್ಡರೂ ತಂದೆಯ ಜೊತೆಗೆ ಬಾಲ್ಯದಲ್ಲಿಯೇ ಕಾಡನ್ನು ಕಂಡು, ಬೇಟೆಗಾರರಾಗಿ, ಮೀನು ಹಿಡಿಯುವುದರಲ್ಲಿ ನಿಪುಣರಾಗಿ ಬೆಂಗಳೂರಿನಲ್ಲಿಯೇ ಬಾಳಿ 2014ರಲ್ಲಿ ತೀರಿಕೊಂಡರು. ಕೆನೆತ್ ಆಂಡರ್ಸನ್ನರು ಕ್ಯಾನ್ಸರ್ ರೋಗದಿಂದ 1974ರ ಆಗಸ್ಟ್ 30ರಂದು ನಿಧನರಾದರು. ಹಳೆಯ ಕಾಡುಗಳನ್ನು ಕುರಿತ ಅವರ ಕೊನೆಯ ಪುಸ್ತಕ ಎರಡು ವರ್ಷಗಳ ಮೇಲೆ, 1976ರಲ್ಲಿ ಬೆಳಕು ಕಂಡಿತು.

ಅವರು ಬೈರನ ಹಿಂದೆ ಹೆಜ್ಜೆಯಿಟ್ಟು ನಡೆದ ಜವಳಗಿರಿ, ಅಂಚೆಟ್ಟಿಗಳ ಕಾಡು 2014ರಲ್ಲಿ ಕಾವೇರಿ ಉತ್ತರ ವನ್ಯಜೀವಿಧಾಮಕ್ಕೆ ಸೇರಿತು. ರಾಗಿ ತೆನೆ ಬಲಿಯುವ ತಿಂಗಳುಗಳಲ್ಲಿ ಆನೆಗಳ ಹಿಂಡುಗಳು ಇಂದಿಗೂ ಬನ್ನೇರುಘಟ್ಟದಿಂದ ಹೊರಟು, ಜವಳಗಿರಿಯನ್ನು ದಾಟಿ, ದೇಂಕಣಿಕೋಟೆ, ಹೊಸೂರುಗಳ ಹೊಲಗಳವರೆಗೆ ನಡೆದುಹೋಗುತ್ತವೆ.